ಮೇಯಿಸಿದವರಿಗೆ ತೂಕ ತಿಳಿಯಲಿ

ಲಂಡನ್ನಿನ ಫ್ಯಾರಿಂಗ್ಡನ್ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಸಿಗುವ ಬೀದಿಯ ಹೆಸರು ಕೌಕ್ರಾಸ್ ಸ್ಟ್ರೀಟ್. ಒಂದು ಕಾಲಕ್ಕೆ ದನ ಹಾಯುತ್ತಿದ್ದ ಬೀದಿ ಅದು. ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಅಲ್ಲಿ ಬಿರುಸಾಗಿ ನಡೆಯುವವರಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಮಕ್ಕಳೂ ಇರುತ್ತಾರೆ. ಬೀದಿ ದಾಟಿದರೆ ಸ್ಮಿತ್‌ಫೀಲ್ಡ್. ಇಂದು ಅದು ಮಾಂಸದ ಸಗಟು ಮಾರುಕಟ್ಟೆ. 1855ರವರೆಗೆ ಅಲ್ಲಿ ನಡೆಯುತ್ತಿದ್ದುದು ಜೀವಂತ ದನ, ಕುರಿಗಳ ಸಂತೆ. 19ನೇ ಶತಮಾನದ ನಡುವಿಗೆ ನಾಲ್ಕೈದು ಎಕರೆಯ ಆ ಬಯಲಿಗೆ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ದನ, 15 ಲಕ್ಷದಷ್ಟು ಕುರಿ ಬಂದು ಹೋಗುತ್ತಿದ್ದವು.

ಆ ಪ್ರಾಣಿಗಳೆಲ್ಲ ಲಂಡನ್ನಿನಲ್ಲಿ ಹುಟ್ಟಿದವಲ್ಲ. ಅವುಗಳಲ್ಲಿ ಎಷ್ಟೋ ದನ ಹುಟ್ಟಿದ್ದು ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ, ವೇಲ್ಸ್‌ನ ಕಲ್ಲುಭೂಮಿಯಲ್ಲಿ, ತುಂಡು ಜಮೀನು ನಂಬಿ ಬದುಕುವ ಮನೆಗಳಲ್ಲಿ. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದಾಗಿ ಗಡಿಸುಂಕ ಹೋದ ಮೇಲೆ ದಕ್ಷಿಣಕ್ಕೆ ಹೊರಡುವ ದನದ ಹಿಂಡುಗಳು ಹೆಚ್ಚಿದವು. ಮೊದಲು ಕ್ರೀಫ್, ಆಮೇಲೆ ಫಾಲ್ಕರ್ಕ್, ಅಲ್ಲಿನ ಜಾತ್ರೆಗಳಲ್ಲಿ ವ್ಯಾಪಾರ ಕುದುರುತ್ತಿತ್ತು. ಅಲ್ಲಿಂದ ವಾರಗಟ್ಟಲೆ ನಡಿಗೆ. ಕಲ್ಲುದಾರಿಯಲ್ಲಿ ಗೊರಸು ಸವೆಯದಿರಲಿ ಎಂದು ದನಗಳಿಗೆ ಕಬ್ಬಿಣದ ಲಾಳ ಹೊಡೆಯುತ್ತಿದ್ದರು. ಸೀಳು ಗೊರಸಿಗೆ ಎರಡು ತುಂಡಿನ ಲಾಳ, ನಮ್ಮ ಎತ್ತುಗಳಿಗೆ ಹೊಡೆಯುವಂತೆಯೇ.

ಗುಡ್ಡಗಾಡಿನ ಬಡ ಒಕ್ಕಲಿಗ ಈ ದನ ಮಾರುತ್ತಿದ್ದುದು ಶ್ರೀಮಂತನಾಗಲು ಅಲ್ಲ. ಜಮೀನ್ದಾರನ ಗೇಣಿ ಕಟ್ಟಲು. ಚಳಿಗಾಲಕ್ಕೆ ಮೇವಿಲ್ಲ, ಗೇಣಿಯ ಗಡುವು ಎದುರಿಗಿದೆ, ಮೂಳೆ ಕಾಣುವ ದನವನ್ನು ಬಂದ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಅದೇ ದನ ನಾರ್ಫಕ್ ಸೀಮೆಗೆ ಬಂದು ನಾರ್ವಿಚ್ ಬಳಿಯ ಸೇಂಟ್ ಫೇತ್ಸ್ ಜಾತ್ರೆಯಲ್ಲಿ ಕೈ ಬದಲಾಯಿಸುತ್ತಿತ್ತು. ಅಲ್ಲಿನ ಕೊಬ್ಬಿದ ಹುಲ್ಲುಗಾವಲು, ಚಳಿಗಾಲದ ಟರ್ನಿಪ್ ಗೆಡ್ಡೆ ತಿಂದು ಕೆಲವೇ ತಿಂಗಳಲ್ಲಿ ಮೈ ತುಂಬಿ ಸ್ಮಿತ್‌ಫೀಲ್ಡಿಗೆ ಹೊರಡುತ್ತಿತ್ತು. ವರ್ಷಕ್ಕೆ 40 ಸಾವಿರಕ್ಕೂ ಹೆಚ್ಚು ಸ್ಕಾಟಿಷ್ ದನಗಳು ಆ ಒಂದೇ ಸೀಮೆಯಲ್ಲಿ ಮೇಯುತ್ತಿದ್ದವೆಂದು ಡೇನಿಯಲ್ ಡೀಫೋ ಬರೆದಿಟ್ಟಿದ್ದಾನೆ. ರಾಬಿನ್ಸನ್ ಕ್ರೂಸೋ ಕಥೆಯಿಂದ ನಮಗೆ ಗೊತ್ತಿರುವ ಡೀಫೋ ಇವನೇ. 1724ರಿಂದ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಈ ಮಾತಿದೆ. ವರ್ಷಗಟ್ಟಲೆ ಸಾಕಿದವನಿಗೆ ಗೇಣಿಯ ದುಡ್ಡು ದಕ್ಕಿತು. ಕೊನೆಯ ಕೆಲವು ತಿಂಗಳು ಮೇಯಿಸಿದವನಿಗೆ ಲಾಭ ದಕ್ಕಿತು.

ಡೀಫೋ ಇನ್ನೊಂದು ಸಂಗತಿಯನ್ನೂ ಕಂಡಿದ್ದ. ಲಂಡನ್ನಿನ ಪೂರ್ವಕ್ಕೆ ಥೇಮ್ಸ್ ನದಿಯಗುಂಟ ಟಿಲ್ಬರಿಯವರೆಗೆ ಜೌಗು ಹುಲ್ಲುಗಾವಲುಗಳಿದ್ದವು. ಅವನ್ನು ಹಿಡಿದುಕೊಂಡಿದ್ದವರಲ್ಲಿ ಲಂಡನ್ನಿನ ಕಟುಕರೇ ಅನೇಕರು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ದೂರದ ಸೀಮೆಯ ಕುರಿ ಸಾಕುವವರು ಹಿಂಡನ್ನೆಲ್ಲ ಸ್ಮಿತ್‌ಫೀಲ್ಡಿಗೆ ತಂದು ಸುರಿದಾಗ ಬೆಲೆ ನೆಲ ಕಚ್ಚುತ್ತಿತ್ತು. ಕಟುಕರು ಆಗ ಕೊಂಡು ಕ್ರಿಸ್‌ಮಸ್ ಕಳೆಯುವವರೆಗೆ, ಕೆಲವೊಮ್ಮೆ ಫೆಬ್ರವರಿಯವರೆಗೂ ಜೌಗಿನಲ್ಲಿ ಬಿಟ್ಟು ಆಮೇಲೆ ಕಡಿಯುತ್ತಿದ್ದರು. ಆ ತಿಂಗಳುಗಳಲ್ಲಿ ಕುರಿ ಹೆಚ್ಚೇನೂ ಕೊಬ್ಬುತ್ತಿರಲಿಲ್ಲ ಎನ್ನುತ್ತಾನೆ ಡೀಫೋ. ಬೆಲೆ ಕೊಬ್ಬುತ್ತಿತ್ತು, ಅಷ್ಟೇ. ಕಾಯುವ ತಾಕತ್ತಿದ್ದವನು ಕಾದು ಗೆಲ್ಲುತ್ತಿದ್ದ.

ಮುನ್ನೂರು ವರ್ಷ ಹಿಂದಿನ ಈ ಲೆಕ್ಕವನ್ನು ಮಳವಳ್ಳಿ ತಾಲೂಕಿನ ಕಿರುಗಾವಲು ಸಂತೆಯಲ್ಲೋ ಬಾಗಲಕೋಟೆ ಜಿಲ್ಲೆಯ ಅಮೀನಗಡ ಸಂತೆಯಲ್ಲೋ ಹೇಳಿದರೆ ಯಾರೂ ಅಚ್ಚರಿಪಡುವುದಿಲ್ಲ. ಮಕ್ಕಳ ಶಾಲೆ ಶುರುವಾಗುವಾಗ, ಬಿತ್ತನೆ ಬೀಜ ಗೊಬ್ಬರ ಕೊಳ್ಳುವಾಗ, ಸಂಘದ ಸಾಲದ ಕಂತು ಬಂದಾಗ ಕಟ್ಟಿದ ಮರಿಯನ್ನು ಬಿಚ್ಚಿಕೊಂಡು ಸಂತೆಗೆ ಹೊರಡುವುದು ಅಲ್ಲೆಲ್ಲ ಕಂಡದ್ದೇ. ಹಬ್ಬಕ್ಕೆ ಇನ್ನೆರಡು ತಿಂಗಳು ಇರುವಾಗ ಮಾರಿದವರ ಮರಿ, ಹಬ್ಬದ ವಾರ ಬೇರೆ ಯಾರದೋ ಕೈಯಲ್ಲಿ ಬೆಂಗಳೂರಿನ ಚಾಮರಾಜಪೇಟೆ ಈದ್ಗಾ ಮೈದಾನದಲ್ಲಿ ನಿಂತಿರುತ್ತದೆ.

ಕರ್ನಾಟಕದಲ್ಲಿ ದನವನ್ನು ಮಾಂಸಕ್ಕೆಂದು ಕೊಬ್ಬಿಸಿ ಮಾರುವ ದಾರಿ ಇಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಹಸು, ಕರು, ಹೋರಿ, ಎತ್ತುಗಳ ವಧೆಯನ್ನು ನಿಷೇಧಿಸುತ್ತದೆ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಹಾಗೆಂದು ಮೈ ತುಂಬಿಸಿ ಮಾರುವ ಕಸುಬು ನಮ್ಮಲ್ಲಿ ಇಲ್ಲವೆಂದಲ್ಲ. ಹಳೇ ಮೈಸೂರಿನ ಊರುಗಳಲ್ಲಿ ಹಳ್ಳಿಕಾರ್ ಹೋರಿ ಕರು ಕೊಂಡು ತಂದು, ಹುರುಳಿ ಬೇಯಿಸಿ ಹಾಕಿ, ಹಿಂಡಿ ಬೂಸಾ ಕಲಸಿಟ್ಟು, ದಿನವೂ ಮೈ ತಿಕ್ಕಿ, ಜೋಡಿ ಕೂಡಿಸಿ, ಘಾಟಿ ಸುಬ್ರಹ್ಮಣ್ಯದ ಜಾತ್ರೆಗೋ ಚುಂಚನಕಟ್ಟೆಯ ಜಾತ್ರೆಗೋ ಹೊಡೆದುಕೊಂಡು ಹೋಗುವವರಿದ್ದಾರೆ. ಅಲ್ಲಿ ಬೆಲೆ ಕಟ್ಟುವುದು ಹಲ್ಲು, ಸುಳಿ, ಕೊಂಬು, ನಡಿಗೆ, ಜೋಡಿಯ ಹೊಂದಿಕೆ ನೋಡಿ. ಅದು ಬೇರೆಯದೇ ವಿದ್ಯೆ. ತಕ್ಕಡಿಗೆ ಅಲ್ಲಿ ಕೆಲಸವಿಲ್ಲ.

ಸಣ್ಣ ಹಿಡುವಳಿಯ ಮನೆಗೆ ನಿಜವಾಗಿ ದುಡ್ಡು ತರುವ ಮೇಯಿಸುವಿಕೆ ಎಂದರೆ ಟಗರು. 2019ರ ಜಾನುವಾರು ಗಣತಿಯಲ್ಲಿ ರಾಜ್ಯದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿ ಲೆಕ್ಕಕ್ಕೆ ಸಿಕ್ಕವು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಕುರಿ ನಮ್ಮಲ್ಲೇ. ರಾಯಚೂರು, ಕೊಪ್ಪಳದ ಕೆಂಗುರಿ, ಬಾಗಲಕೋಟೆಯ ಯಳಗ, ಬಯಲುಸೀಮೆಯ ಡೆಕ್ಕನಿ, ಮಂಡ್ಯ ಮೈಸೂರು ಭಾಗದ ಬನ್ನೂರು ಕುರಿ. ಗಿಡ್ಡ ಕಾಲು, ಪೀಪಾಯಿಯಂಥ ಮೈಯ ಬನ್ನೂರು ಟಗರಿಗೆ ಹೆಸರೇ ಅರ್ಧ ಬೆಲೆ ತಂದುಕೊಡುತ್ತದೆ.

ಹತ್ತಿರದಿಂದ ನೋಡಿದರೆ ಇದು ಹೆಂಗಸರ ಕೆಲಸ. ಮೂರ್ನಾಲ್ಕು ತಿಂಗಳ ಮರಿಯನ್ನು ಸಂತೆಯಿಂದ ತಂದು ಜಗಲಿಯ ಪಕ್ಕದ ಗೂಟಕ್ಕೆ ಕಟ್ಟುತ್ತಾರೆ. ಬೆಳಿಗ್ಗೆ ಕೆರೆ ಏರಿಯ ಹುಲ್ಲು, ಮಧ್ಯಾಹ್ನ ಹಲಸಿನ ಸೊಪ್ಪು, ರೇಷ್ಮೆ ಬೆಳೆಯುವ ಮನೆಯಾದರೆ ಹುಳು ತಿಂದುಳಿದ ಹಿಪ್ಪುನೇರಳೆ. ಸಂಜೆ ನೆನೆಸಿದ ಹುರುಳಿ ಒಂದು ಹಿಡಿ, ನುಚ್ಚು ಮಾಡಿದ ಮುಸುಕಿನ ಜೋಳ ಒಂದು ಹಿಡಿ, ಕೈಯಲ್ಲಿದ್ದರೆ ಕಡಲೆಕಾಯಿ ಹಿಂಡಿ. ಒಮ್ಮೆಲೇ ಕಾಳು ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬಿ, ಕರುಳುಬೇನೆ ಬಂದು ರಾತ್ರಿ ಬೆಳಗಾಗುವುದರಲ್ಲಿ ಮರಿ ಹೋಗುತ್ತದೆ. ಅದಕ್ಕೇ ಲಸಿಕೆ ಬೇಕು, ಕಾಳನ್ನು ದಿನ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುವ ತಾಳ್ಮೆ ಬೇಕು. ದುಡ್ಡಿಲ್ಲದವರು ಉಳ್ಳವರ ಮರಿಯನ್ನು ವಾರಕ್ಕೆ ಹಿಡಿದು ಸಾಕುತ್ತಾರೆ. ಮರಿ ಅವರದು, ಮೇವು, ಮೈಮುರಿತ ಇವರದು, ಬಂದದ್ದರಲ್ಲಿ ಪಾಲು.

ನಾಲ್ಕೈದು ತಿಂಗಳ ಇಷ್ಟೂ ದುಡಿಮೆಗೆ ಬೆಲೆ ಕಟ್ಟುವ ಗಳಿಗೆ ಮಾತ್ರ ಐದೇ ನಿಮಿಷದ್ದು. ಸಂತೆಯಲ್ಲಿ ವ್ಯಾಪಾರಿ ಬರುತ್ತಾನೆ. ಬೆನ್ನಿನ ಮೇಲೆ ಅಂಗೈ ಒತ್ತಿ ನೋಡುತ್ತಾನೆ, ಬಾಲದ ಬುಡ ಹಿಚುಕುತ್ತಾನೆ, ಎರಡು ಕೈಯಲ್ಲಿ ಎತ್ತಿ ಇಳಿಸುತ್ತಾನೆ. ‘ಹದಿನಾರು ಕೆಜಿ ಬೀಳ್ತದೆ’ ಎನ್ನುತ್ತಾನೆ. ಬೀಳುವುದೆಂದರೆ ಕಡಿದ ಮೇಲೆ ಸಿಗುವ ಮಾಂಸ. ಆಮೇಲೆ ಟವೆಲ್ ಬರುತ್ತದೆ. ಅದರ ಅಡಿಯಲ್ಲಿ ದಲ್ಲಾಳಿ ಒಬ್ಬರ ಬೆರಳು ಹಿಡಿದು ಒತ್ತುತ್ತಾನೆ, ಮತ್ತೊಬ್ಬರ ಬೆರಳು ಹಿಡಿದು ಒತ್ತುತ್ತಾನೆ. ಪಕ್ಕದಲ್ಲಿ ನಿಂತವರಿಗೆ ಬೆಲೆ ಗೊತ್ತಾಗುವುದಿಲ್ಲ. ಮರಿ ಸಾಕಿದ ಹೆಂಗಸಿಗಂತೂ ಎಷ್ಟೋ ಸಲ ಮನೆಗೆ ಬಂದ ದುಡ್ಡು ಎಣಿಸಿದಾಗಲೇ ಗೊತ್ತಾಗುವುದು.

ಈ ಕಣ್ಣಂದಾಜಿನಲ್ಲಿ ಎಷ್ಟು ಸೋರಿಹೋಗುತ್ತದೆ? ಉದಾಹರಣೆಗೆ ಒಂದು ಲೆಕ್ಕ ಹಾಕಿ ನೋಡಬಹುದು. ಮರಿ ದಿನಕ್ಕೆ 100 ಗ್ರಾಂ ತೂಕ ಏರಿತು ಎಂದುಕೊಳ್ಳೋಣ. ತಿಂಗಳಿಗೆ 3 ಕಿಲೋ. ವ್ಯಾಪಾರಿಯ ಅಂದಾಜು ನಿಜವಾದ ಜೀವತೂಕಕ್ಕಿಂತ 3 ಕಿಲೋ ಕಡಿಮೆ ಬಿತ್ತೆಂದರೆ, ಆ ಮನೆಯ ಒಂದು ತಿಂಗಳ ಹುಲ್ಲು, ಹುರುಳಿ, ನೀರು, ಕಾವಲು ಎಲ್ಲವೂ ಪುಕ್ಕಟೆ ಹೋಯಿತು. ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೂ 1200 ರೂಪಾಯಿ. ನಾಲ್ಕು ಟಗರು ಮಾರಿದ ಮನೆಗೆ 4800 ರೂಪಾಯಿ ಕಡಿಮೆ. 35 ಕಿಲೋ ಪ್ರಾಣಿಯಲ್ಲಿ 3 ಕಿಲೋ ತಪ್ಪುವುದು ಕಣ್ಣಿಗೆ ಸುಲಭ. ದಿನಕ್ಕೆ ನೂರು ಪ್ರಾಣಿ ಎತ್ತಿ ಇಳಿಸುವ ವ್ಯಾಪಾರಿಯ ಕಣ್ಣು ತಪ್ಪುವುದು ಕಡಿಮೆ. ವರ್ಷಕ್ಕೆ ನಾಲ್ಕು ಟಗರು ಮಾರುವವರ ಕಣ್ಣು ತಪ್ಪುತ್ತದೆ. ಮೋಸ ಮಾಡುವ ಮನಸ್ಸೇ ಇಲ್ಲದಿದ್ದರೂ ಈ ವ್ಯವಸ್ಥೆಯಲ್ಲಿ ದುಡ್ಡು ಒಂದೇ ಕಡೆಗೆ ಹರಿಯುತ್ತದೆ.

ಲಂಡನ್ ಈ ಸಂಕಟವನ್ನು ಚೆನ್ನಾಗಿ ಬಲ್ಲ ಊರು. ಸ್ಮಿತ್‌ಫೀಲ್ಡಿನಲ್ಲೂ ವ್ಯಾಪಾರ ನಡೆಯುತ್ತಿದ್ದುದು ‘ಎಷ್ಟು ಬೀಳುತ್ತದೆ’ ಎಂಬ ಅಂದಾಜಿನ ಮೇಲೆಯೇ. ಚರ್ಮ, ತಲೆ, ಒಳಗಿನ ಕೊಬ್ಬು ಲೆಕ್ಕಕ್ಕಿಲ್ಲ, ಅವು ಕಟುಕನ ಪಾಲಿಗೆ. ಅಳತೆಯಲ್ಲೂ ಗೋಜಲು. ಬೇರೆ ಕಡೆ ಒಂದು ಸ್ಟೋನ್ ಎಂದರೆ 14 ಪೌಂಡ್; ಸ್ಮಿತ್‌ಫೀಲ್ಡಿನ ಮಾಂಸದ ಸ್ಟೋನ್ 8 ಪೌಂಡ್. ಹಳ್ಳಿಯ ಲೆಕ್ಕಕ್ಕೂ ಪೇಟೆಯ ಲೆಕ್ಕಕ್ಕೂ ತಾಳೆಯೇ ಇಲ್ಲ. ದನದ ಯಜಮಾನ ದೂರದ ಊರಿನಲ್ಲಿ, ಅವನ ಪರವಾಗಿ ಮಾರುವ ಕಮಿಷನ್ ಏಜೆಂಟ್ ಲಂಡನ್ನಿನಲ್ಲಿ. ಕಾಗದದಲ್ಲಿ ಬರೆದು ಕಳಿಸಿದ ಬೆಲೆಯನ್ನು ನಂಬುವುದಲ್ಲದೆ ಅವನಿಗೆ ಬೇರೆ ದಾರಿ ಇರಲಿಲ್ಲ. ದುಡ್ಡು ಊರಿಗೆ ತರುವುದೂ ಕಷ್ಟ, ದಾರಿಯಲ್ಲಿ ಕಳ್ಳಕಾಕರು. ಆ ಕಷ್ಟವೇ ಬ್ಯಾಂಕನ್ನು ಹುಟ್ಟಿಸಿತು. 1799ರಲ್ಲಿ ವೇಲ್ಸ್‌ನ ಲಾಂಡೊವರಿಯಲ್ಲಿ ಡೇವಿಡ್ ಜೋನ್ಸ್ ಎಂಬ ದನದ ವ್ಯಾಪಾರಿ ತೆರೆದ ಬ್ಯಾಂಕಿಗೆ ಜನ ಕರೆಯುತ್ತಿದ್ದುದು ಕರಿ ಎತ್ತಿನ ಬ್ಯಾಂಕ್ ಎಂದು. ಅದರ ನೋಟಿನ ಮೇಲೆ ಕರಿ ಎತ್ತಿನ ಚಿತ್ರವಿತ್ತು. 1909ರಲ್ಲಿ ಅದು ಲಾಯ್ಡ್ಸ್ ಬ್ಯಾಂಕಿನಲ್ಲಿ ಲೀನವಾಯಿತು.

1855ರ ಜೂನ್‌ನಲ್ಲಿ ಲಂಡನ್ ನಗರಾಡಳಿತ ಜೀವಂತ ಪ್ರಾಣಿಗಳ ಸಂತೆಯನ್ನು ಊರ ನಡುವಿನಿಂದ ಎತ್ತಿ ಉತ್ತರದ ಇಸ್ಲಿಂಗ್ಟನ್‌ಗೆ ಒಯ್ದಿತು. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಬಂದು ಉದ್ಘಾಟಿಸಿದ. ನಡುವೆ ಗಡಿಯಾರದ ಗೋಪುರ, ಅದರ ಬುಡದಲ್ಲಿ ಬ್ಯಾಂಕುಗಳು, ತಂತಿ ಕಚೇರಿ. ಎಲ್ಲವೂ ಅಚ್ಚುಕಟ್ಟು. ಆದರೂ ಹೊಸ ಜಾಗದಲ್ಲಿ ನಡೆದದ್ದು ಹಳೆಯ ವ್ಯಾಪಾರವೇ: ಬೆನ್ನು ಒತ್ತುವ ಕೈ, ಅಂದಾಜಿನ ಮಾತು. ರೈಲು ಬಂದ ಮೇಲೆ ದಾರಿ ನಡಿಗೆಯಲ್ಲಿ ಕರಗುತ್ತಿದ್ದ ಮೈ ಉಳಿಯಿತು, ಆದರೆ ಉಳಿದದ್ದೆಷ್ಟು ಎಂದು ತೂಗಿ ಹೇಳುವವರಿರಲಿಲ್ಲ. ಹತ್ತೇ ವರ್ಷದಲ್ಲಿ, 1865ರಲ್ಲಿ, ಹೊರದೇಶದಿಂದ ಬಂದ ದನಗಳ ಜೊತೆ ದೊಡ್ಡರೋಗವೂ ಆ ಸಂತೆಗೆ ಕಾಲಿಟ್ಟು ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. ಸಂತೆ ಎಂಬುದು ರೋಗಕ್ಕೂ ಸಂತೆಯೇ. ಚರ್ಮಗಂಟು ರೋಗದ ಕಾಲದಲ್ಲಿ ಸಂತೆ ಜಾತ್ರೆಗಳನ್ನು ಮುಚ್ಚಿಸಬೇಕಾಗಿ ಬಂದದ್ದನ್ನು ನಮ್ಮ ರೈತರು ಮರೆತಿಲ್ಲ.

ಬ್ರಿಟನ್ನಿನ ಸಂತೆಯೊಳಗೆ ತಕ್ಕಡಿಯನ್ನು ತಂದು ನಿಲ್ಲಿಸಿದ್ದು 1887ರ ಕಾಯ್ದೆ. ಮಾರುಕಟ್ಟೆ ನಡೆಸಿ ಸುಂಕ ಎತ್ತುವವರು ದನ ತೂಗುವ ಯಂತ್ರವನ್ನೂ ಇಡಬೇಕು ಎಂದು ಅದು ಹೇಳಿತು. ಯಂತ್ರ ಬಂದರೂ ಬಹಳ ಕಡೆ ಮೂಲೆ ಸೇರಿತು. ತೂಗಿಸಿ ಎಂದು ಕೇಳುವ ಧೈರ್ಯ ಸಣ್ಣವರಿಗಿರಲಿಲ್ಲ, ಅಂದಾಜಿನಲ್ಲಿ ಪಳಗಿದವರಿಗೆ ಅದರ ಅಗತ್ಯವೂ ಇರಲಿಲ್ಲ. 1891ರ ಕಾಯ್ದೆ ಆಯ್ದ ಊರುಗಳ ಮಾರುಕಟ್ಟೆಗಳಿಂದ ತೂಕ ಮತ್ತು ಬೆಲೆಯ ವಿವರವನ್ನು ಸರ್ಕಾರಕ್ಕೆ ಕಳಿಸುವ ಏರ್ಪಾಟು ಮಾಡಿತು. 1926ರಲ್ಲಿ ಮೂರನೆಯ ಕಾಯ್ದೆ ಬಂತು: ಹರಾಜಿಗೆ ಬರುವ ದನವನ್ನು ಮೊದಲು ತೂಗಲೇಬೇಕು. ಯಂತ್ರ ಇಡಿ ಎಂಬ ಮಾತಿನಿಂದ ತೂಗಲೇಬೇಕು ಎಂಬ ಮಾತಿಗೆ ಬರಲು 39 ವರ್ಷ ಹಿಡಿಯಿತು. ನಮಗೆ ಅಷ್ಟು ವರ್ಷ ಕಾಯಬೇಕಾದ ದರ್ದಿಲ್ಲ.

ಆಕ್ಷೇಪಗಳಿವೆ, ಅವುಗಳಲ್ಲಿ ಹುರುಳೂ ಇದೆ. ಬಕ್ರೀದ್‌ಗೆ ಕೊಳ್ಳುವವರು ತೂಕಕ್ಕಿಂತ ಮುಖಲಕ್ಷಣ ನೋಡುತ್ತಾರೆ. ಕೊಂಬು ಮುರಿದಿರಬಾರದು, ಕಿವಿ ಹರಿದಿರಬಾರದು, ಹಲ್ಲು ಆಗಿರಬೇಕು. ಅಂಥ ಟಗರಿಗೆ ಕಿಲೋ ಲೆಕ್ಕ ಮೀರಿದ ಬೆಲೆ ಬರುತ್ತದೆ. ಬರಲಿ. ತೂಕ ಗೊತ್ತಿದ್ದರೆ ಆ ಮೇಲುಬೆಲೆ ಎಷ್ಟೆಂಬುದೂ ಮಾರುವವರಿಗೆ ಗೊತ್ತಾಗುತ್ತದೆ. ಸಂತೆಗೆ ಬರುವ ಮುಂಚೆ ಉಪ್ಪು ತಿನ್ನಿಸಿ, ಬಕೆಟ್ಟುಗಟ್ಟಲೆ ನೀರು ಕುಡಿಸಿ ತೂಕ ಏರಿಸುತ್ತಾರೆ ಎಂಬ ವ್ಯಾಪಾರಿಗಳ ದೂರು ಸುಳ್ಳಲ್ಲ. ಅದಕ್ಕೆ ಬೆಳಿಗ್ಗೆ ಬಂದ ಪ್ರಾಣಿಯನ್ನು ಒಂದೆರಡು ಗಂಟೆ ಕಟ್ಟಿಸಿ ತೂಗುವ, ಹೊಟ್ಟೆಯ ನೀರಿಗೆಂದು ಇಷ್ಟು ಎಂದು ಎಲ್ಲರೆದುರು ಕಳೆಯುವ ರೂಢಿ ತರಬಹುದು. ಟವೆಲ್ ಅಡಿ ಕಳೆಯುವುದಕ್ಕಿಂತ ಅದು ಎಷ್ಟೋ ವಾಸಿ. ಶೆಡ್ ಕಟ್ಟಿ ಹತ್ತಾರು ಮರಿ ಸಾಕುವ ಹೊಸ ಕಾಲದ ರೈತರಲ್ಲಿ ಜೀವತೂಕದ ಮಾರಾಟ ಈಗಾಗಲೇ ಬಂದಿದೆ. ಅವರಿಗೆ ಸಾಧ್ಯವಾದದ್ದು ಜಗಲಿಯಲ್ಲಿ ಎರಡು ಮರಿ ಕಟ್ಟಿದವರಿಗೂ ಸಿಗಬೇಕು.

ಸಂತೆಯಲ್ಲಿ ಯಂತ್ರ ಬರುವವರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಬೇಕು. ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ಎಷ್ಟು ಕಿಲೋ ಎಂಬುದು ಸಿಗುತ್ತದೆ. ಸುತ್ತಳತೆ 30 ಇಂಚು, ಉದ್ದ 26 ಇಂಚು ಇದ್ದರೆ ಸುಮಾರು 35 ಕಿಲೋ. ಉಣ್ಣೆ ದಟ್ಟವಾಗಿದ್ದರೆ ಅಳತೆ ತಪ್ಪುತ್ತದೆ, ಟೇಪನ್ನು ಒತ್ತಿ ಹಿಡಿಯಬೇಕು. ತಕ್ಕಡಿಯ ನಿಖರತೆ ಇದಕ್ಕಿಲ್ಲ. ಆದರೂ ಮೊಬೈಲಿನಲ್ಲಿ ಈ ಲೆಕ್ಕ ಹಾಕಿಕೊಂಡು ಸಂತೆಗೆ ಹೋದ ಹೆಂಗಸು ಬರಿಗೈಯಲ್ಲಿ ಹೋದ ಹಾಗಾಗುವುದಿಲ್ಲ. ಹೈಸ್ಕೂಲಿಗೆ ಹೋಗುವ ಮಗಳು ಎರಡು ನಿಮಿಷದಲ್ಲಿ ಮಾಡಿಕೊಡುವ ಗುಣಾಕಾರ ಇದು.

ಬಾಕಿ ಉಳಿದದ್ದು ಕಾಯುವ ತಾಕತ್ತು. ಥೇಮ್ಸ್ ದಂಡೆಯ ಕಟುಕರಿಗೆ ಅದು ಇತ್ತು, ಸ್ಕಾಟ್ಲೆಂಡಿನ ಒಕ್ಕಲಿಗನಿಗೆ ಇರಲಿಲ್ಲ. ಯುಗಾದಿಯ ಹೊಸತೊಡಕು, ಊರ ಮಾರಿಹಬ್ಬ, ಬಕ್ರೀದ್, ಇವುಗಳ ಬೆಲೆ ಯಾರಿಗೂ ಗುಟ್ಟಲ್ಲ. ಹಬ್ಬದವರೆಗೆ ಮರಿಯನ್ನು ಕಟ್ಟಿಕೊಂಡಿರಲು ಬೇಕಾದ ಐದಾರು ಸಾವಿರ ರೂಪಾಯಿ ಮಾತ್ರ ಕೈಯಲ್ಲಿರುವುದಿಲ್ಲ. ಕುರಿ ಸಾಕಣೆದಾರರ ಸಹಕಾರ ಸಂಘಗಳು, ಮಹಿಳಾ ಸ್ವಸಹಾಯ ಸಂಘಗಳು ಮರಿ ಕೊಳ್ಳಲು ಸಾಲ ಕೊಡುವುದನ್ನು ಬಲ್ಲವು. ಮರಿ ಮಾರದೆ ಹಿಡಿದುಕೊಳ್ಳಲು ಸಾಲ ಕೊಡುವುದನ್ನು ಇನ್ನೂ ಕಲಿಯಬೇಕಿದೆ. ಕಂತಿನ ದಿನವನ್ನು ಹಬ್ಬದ ಮಾರನೇ ವಾರಕ್ಕೆ ಇಟ್ಟರೆ ಅರ್ಧ ಕೆಲಸ ಆದಂತೆ.

ಇಸ್ಲಿಂಗ್ಟನ್‌ನ ಸಂತೆ ಈಗಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಮುಚ್ಚಿದ ಜಾಗ ಇಂದು ಕ್ಯಾಲೆಡೋನಿಯನ್ ಪಾರ್ಕ್. ಗಡಿಯಾರದ ಗೋಪುರ ದುರಸ್ತಿಯಾಗಿ ನಿಂತಿದೆ, ಸುತ್ತ ಹುಲ್ಲಿನ ಮೇಲೆ ಮಕ್ಕಳು ಆಡುತ್ತಾರೆ. ನಮ್ಮ ಅಮೀನಗಡ, ಕೆರೂರು, ಕಿರುಗಾವಲು ಸಂತೆಗಳು ಮಾತ್ರ ಇನ್ನೂ ಗಿಜಿಗುಡುತ್ತಿವೆ. ಅಲ್ಲಿ ಸುಂಕ ಎತ್ತುವವರಿದ್ದಾರೆ, ಎಪಿಎಂಸಿ ಇದೆ, ಸ್ಥಳೀಯ ಪಂಚಾಯಿತಿ ಇದೆ, ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಬೆಂಗಳೂರಿನಲ್ಲಿದೆ. ಪ್ರಾಣಿಗೆ ಇಷ್ಟು ಎಂದು ಸುಂಕ ಕಟ್ಟಿಸಿಕೊಳ್ಳುವ ಪ್ರತಿ ಸಂತೆಯ ಬಾಗಿಲಲ್ಲಿ ಒಂದು ತೂಕದ ಯಂತ್ರ, ಅದರ ಪಕ್ಕ ಅಂದಿನ ಬೆಲೆ ಬರೆಯುವ ಒಂದು ಕಪ್ಪು ಹಲಗೆ ಇರಲಿ; ತೂಕದ ಚೀಟಿ ಮರಿ ಹಿಡಿದು ತಂದವರ ಕೈಗೇ ಸಿಗಲಿ. ಮುಂದಿನ ಬಕ್ರೀದ್‌ಗೆ ಮೊದಲು ಈ ಮೂರು ಸಂತೆಗಳಲ್ಲಾದರೂ ಇದನ್ನು ಮಾಡಿ ತೋರಿಸಿ ಎಂದು ಪಶುಸಂಗೋಪನಾ ಇಲಾಖೆಯನ್ನೂ ಕೃಷಿ ಮಾರಾಟ ಇಲಾಖೆಯನ್ನೂ ಕೇಳಬೇಕಾದವರು ಮರಿ ಕಟ್ಟಿದ ಪ್ರತಿ ಮನೆಯವರು.